ಹ್ಯಾಕ್ ಆದ ಜಾಲತಾಣ: ಯಾವ ದಿನದ ಬ್ಯಾಕಪ್ ನಂಬಬೇಕು?

ಪ್ರಶ್ನೆ: ನಮಸ್ಕಾರ ಸರ್. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ, ಆನ್‌ಲೈನ್ ಮಾರಾಟವೂ ಇರುವ ಒಂದು ಜಾಲತಾಣವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಕಳೆದ ವಾರದ ಗುರುವಾರದಿಂದ, ಗೂಗಲ್‌ನಲ್ಲಿ ಹುಡುಕಿ ಬಂದವರೆಲ್ಲ ಜೂಜಿನ ತಾಣವೊಂದಕ್ಕೆ ಹೋಗಿ ಬೀಳುತ್ತಿದ್ದಾರೆ. ವಿಳಾಸವನ್ನು ನೇರವಾಗಿ ಟೈಪ್ ಮಾಡಿ ತೆರೆದರೆ ಮಾತ್ರ ಎಲ್ಲವೂ ಸರಿಯಾಗಿ ಕಾಣುತ್ತದೆ. ಹೋಸ್ಟಿಂಗ್‌ನವರಲ್ಲಿ 30 ದಿನಗಳ ಬ್ಯಾಕಪ್ ಇದ್ದುದರಿಂದ ಬುಧವಾರದ್ದನ್ನು ಮರಳಿ ಹಾಕಿದೆ. ಎರಡು ದಿನ ಸರಿಯಿತ್ತು, ಮೂರನೆಯ ದಿನ ಮತ್ತೆ ಅದೇ ತೊಂದರೆ. ಇನ್ನೂ ಹಿಂದಿನ ಬ್ಯಾಕಪ್ ಹಾಕಲೇ?

ಉತ್ತರ: ಸದ್ಯಕ್ಕೆ ಯಾವುದನ್ನೂ ಹಾಕಬೇಡಿ. ಗುರುವಾರ ನಿಮಗೆ ತೊಂದರೆ ಕಂಡ ದಿನವೇ ಹೊರತು ಕನ್ನ ಬಿದ್ದ ದಿನವಲ್ಲ. ಒಳಗೆ ಬಂದವರು ಮೊದಲು, ಬೇಕೆಂದಾಗ ಮತ್ತೆ ನುಸುಳಲು ಒಂದು ಹಿಂಬಾಗಿಲನ್ನು (ಗುಟ್ಟಾದ ಕೋಡ್) ಇಟ್ಟು, ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಆ ಅವಧಿಯ ಪ್ರತಿಯೊಂದು ಬ್ಯಾಕಪ್‌ನಲ್ಲೂ ಹಿಂಬಾಗಿಲು ಇದ್ದೇ ಇರುತ್ತದೆ. ಬುಧವಾರದ ಪ್ರತಿಯ ಜೊತೆಗೆ ನೀವು ಅದನ್ನೂ ಮರಳಿ ತಂದಿರುವ ಸಾಧ್ಯತೆಯೇ ಹೆಚ್ಚು. ನೇರವಾಗಿ ತೆರೆದಾಗ ತಾಣ ಸರಿಯಾಗಿ ಕಾಣುವುದೂ ಈ ಕಳ್ಳತನದ ಭಾಗವೇ: ಭೇಟಿ ನೀಡುವವರು ಎಲ್ಲಿಂದ ಬಂದರು ಎಂಬುದನ್ನು ಕೋಡ್ ಪರೀಕ್ಷಿಸಿ, ಹುಡುಕಾಟದಿಂದ ಬಂದವರನ್ನು ಮಾತ್ರ ಬೇರೆಡೆಗೆ ಅಟ್ಟುತ್ತದೆ. ಹೀಗಾಗಿ ಮಾಲೀಕರ ಕಣ್ಣಿಗೆ ಅದು ತಡವಾಗಿಯೇ ಬೀಳುತ್ತದೆ.

ಇಂದೇ ಮಾಡಬೇಕಾದ ಕೆಲಸ ಬೇರೆ ಇದೆ. ತಾಣವನ್ನು ನಿರ್ವಹಣಾ ಪುಟದ ಹಿಂದೆ ಇಟ್ಟು, ಈಗ ಇರುವ ಸ್ಥಿತಿಯಲ್ಲೇ ಕಡತಗಳು, ಡೇಟಾಬೇಸ್ ಮತ್ತು ಸರ್ವರ್‌ನ ಆಕ್ಸೆಸ್ ಲಾಗ್‌ಗಳ (ಯಾರು ಯಾವಾಗ ಏನನ್ನು ತೆರೆದರು ಎಂಬ ದಾಖಲೆ) ಪೂರ್ಣ ಪ್ರತಿಯನ್ನು ಇಳಿಸಿಕೊಳ್ಳಿ. ಸೋಂಕು ತಗುಲಿದ ಪ್ರತಿ ಏಕೆ ಬೇಕು ಎಂದು ಹಲವರು ಕೇಳುತ್ತಾರೆ. ಕನ್ನ ಎಲ್ಲಿ ಬಿದ್ದಿದೆ ಎಂಬುದಕ್ಕೆ ಮುಖ್ಯ ಸಾಕ್ಷಿ ಅದೇ. ಹೋಸ್ಟಿಂಗ್‌ನವರ 30 ಬ್ಯಾಕಪ್‌ಗಳಲ್ಲಿ ಅತ್ಯಂತ ಹಳೆಯದನ್ನೂ ತಕ್ಷಣ ಇಳಿಸಿಕೊಳ್ಳಿ, ಏಕೆಂದರೆ ಪ್ರತಿ ರಾತ್ರಿ ಹೊಸದೊಂದು ಸೇರಿದಾಗ ಹಳೆಯದೊಂದು ಅಳಿದುಹೋಗುತ್ತದೆ, ನಿಮಗೆ ಬೇಕಾಗಿರುವುದು ಅದೇ ಆಗಿರಬಹುದು.

ಅನಂತರ ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಕಡತಗಳಿವೆಯೇ (ಸರ್ವರ್‌ನಲ್ಲಿ ಓಡುವ ಕೋಡ್ ಇರುವವು) ಎಂದು ಹುಡುಕಿ. ಚಿತ್ರಗಳು ಮತ್ತು ಪಿಡಿಎಫ್‌ಗಳು ಇರಬೇಕಾದ ಜಾಗದಲ್ಲಿ ಅವು ಕಂಡರೆ ಅನುಮಾನಿಸಲೇಬೇಕು.

ಪ್ರಶ್ನೆ: ಸಿಕ್ಕಿತು ಸರ್. ಎರಡು ವರ್ಷ ಹಳೆಯ ಚಿತ್ರಗಳ ಫೋಲ್ಡರ್‌ನಲ್ಲಿ ‘ಲೋಗೋ-2’ ಎಂಬ ಪಿಎಚ್‌ಪಿ ಕಡತವಿದೆ. ಆದರೆ ಅದರ ದಿನಾಂಕವೂ ಎರಡು ವರ್ಷ ಹಿಂದಿನದೇ. ಹಾಗಾದರೆ ಅಷ್ಟು ಹಳೆಯ ಸೋಂಕೇ?

ಉತ್ತರ: ಆ ದಿನಾಂಕವನ್ನು ನಂಬಬೇಡಿ. ಕಡತದ ಮಾರ್ಪಾಟಿನ ದಿನಾಂಕವನ್ನು ಒಂದೇ ಆದೇಶದಲ್ಲಿ ಬದಲಾಯಿಸಬಹುದು. ಅಕ್ಕಪಕ್ಕದ ಚಿತ್ರಗಳ ದಿನಾಂಕವನ್ನೇ ಅದಕ್ಕೂ ತೊಡಿಸುವುದು ಹಳೆಯ ಉಪಾಯ. ಲಿನಕ್ಸ್ ಸರ್ವರ್‌ನಲ್ಲಿ ‘ಸಿಟೈಮ್’ ಎಂಬ ಇನ್ನೊಂದು ಕಾಲಮುದ್ರೆ (ಕಡತದ ವಿವರ ಕೊನೆಯ ಸಲ ಬದಲಾದ ಸಮಯ) ಇದ್ದು, ಅದನ್ನು ತಿರುಚುವುದು ಅಷ್ಟು ಸುಲಭವಲ್ಲ. ಆದರೆ ನೀವು ಈಗಾಗಲೇ ಒಮ್ಮೆ ಬ್ಯಾಕಪ್ ಹಾಕಿರುವುದರಿಂದ ಅದು ಬಹುಪಾಲು ಕಡತಗಳಿಗೆ ಆ ದಿನವನ್ನೇ ತೋರಿಸುತ್ತದೆ.

ನಿಮ್ಮ ಬಳಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇದೆ: ಆ 30 ಬ್ಯಾಕಪ್‌ಗಳು. 15 ದಿನಗಳ ಹಿಂದಿನದ್ದನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಬಿಡಿಸಿ ‘ಲೋಗೋ-2’ ಇದೆಯೇ ನೋಡಿ. ಇದ್ದರೆ ಅದಕ್ಕಿಂತ ಹಿಂದಿನದ್ದಕ್ಕೆ, ಇಲ್ಲದಿದ್ದರೆ ಮುಂದಿನದ್ದಕ್ಕೆ ಹೋಗಿ. ಪ್ರತಿ ಸಲವೂ ಉಳಿದ ಅವಧಿಯನ್ನು ಅರ್ಧ ಮಾಡುತ್ತ ಹೋದರೆ, ಐದೇ ಬ್ಯಾಕಪ್‌ಗಳನ್ನು ತೆರೆಯುವಷ್ಟರಲ್ಲಿ ಅದು ಮೊದಲು ಕಾಣಿಸಿಕೊಂಡ ದಿನ ಸಿಗುತ್ತದೆ. ಆ ದಿನದ ಆಕ್ಸೆಸ್ ಲಾಗ್ ತೆರೆದು, ‘ಲೋಗೋ-2’ಕ್ಕೆ ಬಂದ ಮೊದಲ ಕರೆಯನ್ನು ಗುರುತಿಸಿ, ಅದೇ ಐಪಿ ವಿಳಾಸದಿಂದ ಅದಕ್ಕೆ ಸ್ವಲ್ಪ ಮುಂಚೆ ಬಂದ ‘ಪೋಸ್ಟ್’ ಕರೆಗಳನ್ನು (ಸರ್ವರ್‌ಗೆ ಮಾಹಿತಿ ಅಥವಾ ಕಡತ ಕಳಿಸುವ ಕರೆಗಳು) ಓದಿ.

ಪ್ರಶ್ನೆ: 19 ದಿನಗಳ ಹಿಂದಿನ ಬ್ಯಾಕಪ್‌ನಲ್ಲಿ ಮೊದಲ ಬಾರಿಗೆ ಕಾಣಿಸಿದೆ. ಲಾಗ್‌ನಲ್ಲಿ ಅದಕ್ಕೆ ನಾಲ್ಕು ಸೆಕೆಂಡ್ ಮುಂಚೆ, ಅರ್ಜಿಯ ಜೊತೆ ಕಡತ ಸೇರಿಸಲು ನಾವು ಬಳಸುವ ಪ್ಲಗಿನ್‌ಗೆ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಒಂದು ‘ಪೋಸ್ಟ್’ ಕರೆ ಬಂದು 200 (ಯಶಸ್ವಿ) ಎಂಬ ಉತ್ತರ ಹೋಗಿದೆ. ಆ ಪ್ಲಗಿನ್ ಅನ್ನು ಒಂದು ವರ್ಷದಿಂದ ನವೀಕರಿಸಿಲ್ಲ. ಈಗ 20 ದಿನಗಳ ಹಿಂದಿನ ಬ್ಯಾಕಪ್ ಹಾಕಿದರೆ ನಡುವಿನ ಆರ್ಡರ್‌ಗಳೆಲ್ಲ ಹೋಗುತ್ತವಲ್ಲ?

ಉತ್ತರ: ಹೌದು, ಹೋಗುತ್ತವೆ. ಆದ್ದರಿಂದ ಕಡತಗಳನ್ನೂ ಡೇಟಾಬೇಸನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಕಡತಗಳ ವಿಷಯದಲ್ಲಿ ಬ್ಯಾಕಪ್‌ನ ಅಗತ್ಯ ತೀರ ಕಡಿಮೆ. ವರ್ಡ್‌ಪ್ರೆಸ್, ಥೀಮ್ ಮತ್ತು ಪ್ಲಗಿನ್‌ಗಳನ್ನು ಅವುಗಳ ಮೂಲ ತಾಣದಿಂದ ಹೊಸದಾಗಿ ಇಳಿಸಿ, ಖಾಲಿ ಫೋಲ್ಡರ್‌ಗೆ ಹಾಕಿ. ಬ್ಯಾಕಪ್‌ನಿಂದ ತೆಗೆದುಕೊಳ್ಳಬೇಕಾದುದು ಅಪ್‌ಲೋಡ್ಸ್‌ನ ಚಿತ್ರ ಮತ್ತು ದಾಖಲೆಗಳನ್ನು ಮಾತ್ರ. ಇಪ್ಪತ್ತು ದಿನಗಳಲ್ಲಿ ಸೇರಿದ ಚಿತ್ರಗಳನ್ನು ಒಂದೊಂದಾಗಿ ನೋಡಿ ಸೇರಿಸಿಕೊಳ್ಳಿ.

‘ಖಾಲಿ ಫೋಲ್ಡರ್’ ಎಂದು ಒತ್ತಿ ಹೇಳಲು ಕಾರಣವಿದೆ. ಹಳೆಯ ಕಡತಗಳ ಮೇಲೆಯೇ ಬ್ಯಾಕಪ್ ಹರಡಿದರೆ ಒಂದೇ ಹೆಸರಿನವು ಮಾತ್ರ ಬದಲಾಗುತ್ತವೆ, ಕಳ್ಳರು ಹೊಸದಾಗಿ ತಂದಿಟ್ಟವು ಇದ್ದಲ್ಲೇ ಉಳಿಯುತ್ತವೆ. ನನ್ನ ವೃತ್ತಿಯ ಆರಂಭದಲ್ಲಿ ಇದು ಗೊತ್ತಿಲ್ಲದೆ ಒಂದೇ ತಾಣವನ್ನು ಮೂರು ಬಾರಿ ಮರಳಿ ಕಟ್ಟಿದೆ. ಮೂರನೆಯ ಸಲ ಮತ್ತೆ ಹಾಳಾದಾಗಲೇ, ಯಾವ ಬ್ಯಾಕಪ್‌ನಲ್ಲೂ ಇಲ್ಲದ ಒಂದು ಕಡತ ಸರ್ವರ್‌ನ ‘ಎಂಯು-ಪ್ಲಗಿನ್ಸ್’ ಫೋಲ್ಡರ್‌ನಲ್ಲಿ ಕುಳಿತಿರುವುದು ಕಣ್ಣಿಗೆ ಬಿತ್ತು. ಅಲ್ಲಿರುವ ಪಿಎಚ್‌ಪಿ ಕಡತ ತಾನಾಗಿಯೇ ಚಾಲೂ ಆಗುತ್ತದೆ, ಸಾಮಾನ್ಯ ಪ್ಲಗಿನ್‌ಗಳಂತೆ ಅದನ್ನು ನಿರ್ವಾಹಕರ ಪುಟದಿಂದ ನಿಷ್ಕ್ರಿಯಗೊಳಿಸಲೂ ಆಗುವುದಿಲ್ಲ. ಆ ಗ್ರಾಹಕರು ಕಳೆದುಕೊಂಡ ದಿನಗಳನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಮಾರಾಟವಿರುವ ತಾಣದಲ್ಲಿ ಇಂದಿನ ಡೇಟಾಬೇಸನ್ನೇ ಉಳಿಸಿಕೊಂಡು ಶುದ್ಧಗೊಳಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. 20 ದಿನಗಳ ಹಿಂದಿನದನ್ನು ಪಕ್ಕದಲ್ಲಿಟ್ಟು ಹೋಲಿಸಿ: ಹೊಸ ನಿರ್ವಾಹಕ ಖಾತೆ ಸೇರಿದೆಯೇ, ಯಾರ ಖಾತೆಗಾದರೂ ಅಪ್ಲಿಕೇಶನ್ ಪಾಸ್‌ವರ್ಡ್ (ಬೇರೆ ತಂತ್ರಾಂಶಗಳು ಒಳಬರಲು ಬಳಸುವಂಥದ್ದು) ಬಂದಿದೆಯೇ, ತಾಣದ ವಿಳಾಸ ಬದಲಾಗಿದೆಯೇ, ನಿಗದಿತ ಕೆಲಸಗಳ ಪಟ್ಟಿಯಲ್ಲಿ ಅಪರಿಚಿತ ಹೆಸರಿದೆಯೇ, ಲೇಖನಗಳೊಳಗೆ ಸ್ಕ್ರಿಪ್ಟ್ ತೂರಿದೆಯೇ. ಈ ಎಲ್ಲ ಕೆಲಸವೂ ಹೊರಗಿನವರಿಗೆ ತೆರೆಯದ ಪ್ರತ್ಯೇಕ ಜಾಗದಲ್ಲಿ ನಡೆಯಲಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಪಾಸ್‌ವರ್ಡ್‌ಗಳನ್ನು ಮೊದಲು ಬದಲಾಯಿಸಬೇಕೇ, ಕೊನೆಗೆ ಬದಲಾಯಿಸಬೇಕೇ?

ಉತ್ತರ: ಹೋಸ್ಟಿಂಗ್ ಖಾತೆ ಮತ್ತು ಅದಕ್ಕೆ ಜೋಡಿಸಿದ ಇಮೇಲ್‌ನದ್ದನ್ನು ತಕ್ಷಣ ಬದಲಾಯಿಸಿ, ಎರಡು ಹಂತದ ದೃಢೀಕರಣವನ್ನೂ ಹಾಕಿ. ಡೇಟಾಬೇಸ್, ಎಫ್‌ಟಿಪಿ (ಕಡತ ಸಾಗಿಸುವ ಖಾತೆ) ಮತ್ತು ನಿರ್ವಾಹಕರ ಪಾಸ್‌ವರ್ಡ್‌ಗಳನ್ನು ಶುದ್ಧ ಪ್ರತಿ ಸಿದ್ಧವಾದ ಮೇಲೆ ಬದಲಾಯಿಸಿ. ಹಿಂಬಾಗಿಲು ಇರುವಾಗಲೇ ಹೊಸ ಡೇಟಾಬೇಸ್ ಪಾಸ್‌ವರ್ಡನ್ನು ತಾಣದ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಕಡತದಲ್ಲಿ ಬರೆದರೆ ಅದನ್ನು ಅವರೂ ಓದುತ್ತಾರೆ. ಅದೇ ಕಡತದಲ್ಲಿರುವ ಎಂಟು ರಹಸ್ಯ ಕೀಲಿಗಳನ್ನು ಮರೆಯಬೇಡಿ. ಅವು ಬದಲಾದೊಡನೆ ಒಳಗಿರುವ ಪ್ರತಿಯೊಬ್ಬರೂ, ಕದ್ದ ಕುಕಿಯಿಂದ (ಬ್ರೌಸರ್‌ನಲ್ಲಿ ಉಳಿಯುವ ಲಾಗಿನ್ ಗುರುತು) ಬಂದವರೂ ಸಹ, ಹೊರಬೀಳುತ್ತಾರೆ. ಹಣ ಪಾವತಿಯ ಕೀಲಿಗಳೂ ಹೊಸದಾಗಲಿ. ಪಾವತಿ ಪುಟವನ್ನೇ ತಿದ್ದಿರುವುದು ಕಂಡರೆ ಗ್ರಾಹಕರಿಗೂ ಪಾವತಿ ಸೇವೆಯವರಿಗೂ ತಿಳಿಸಬೇಕು, ಅದನ್ನು ಮುಚ್ಚಿಡುವಂತಿಲ್ಲ.

ಪ್ರಶ್ನೆ: ಕೊನೆಯದಾಗಿ, ನಮ್ಮ ತಾಣದ ಬಗ್ಗೆ ಗೂಗಲ್ ತೋರಿಸುತ್ತಿರುವ ಎಚ್ಚರಿಕೆ ಹೋಗಲು ಈಗಲೇ ಅರ್ಜಿ ಹಾಕಬಹುದೇ?

ಉತ್ತರ: ಈಗ ಬೇಡ. ಹಳೆಯ ಪ್ಲಗಿನ್ ತೆಗೆದು ಅಥವಾ ನವೀಕರಿಸಿ, ಅಪ್‌ಲೋಡ್ಸ್‌ನಲ್ಲಿ ಪಿಎಚ್‌ಪಿ ಓಡದಂತೆ ಸರ್ವರ್‌ನಲ್ಲಿ ತಡೆ ಹಾಕಿ ತಾಣವನ್ನು ತೆರೆಯಿರಿ. ಮೊಬೈಲ್‌ನಿಂದ, ಲಾಗಿನ್ ಆಗದೆ, ಗೂಗಲ್ ಫಲಿತಾಂಶದ ಮೂಲಕವೇ ಕೆಲವು ಪುಟಗಳನ್ನು ತೆರೆದು ನೋಡಿ. ಸರಿಯಾಗಿ ತೆರೆದುಕೊಂಡರೆ, ತಾಣದ ಮಾಲೀಕರಿಗಾಗಿ ಗೂಗಲ್ ನೀಡುವ ಸರ್ಚ್ ಕನ್ಸೋಲ್‌ನ ಭದ್ರತಾ ವಿಭಾಗದಲ್ಲಿ, ಏನಾಗಿತ್ತು ಮತ್ತು ಏನು ಸರಿಪಡಿಸಿದಿರಿ ಎಂದು ಬರೆದು ಮರುಪರಿಶೀಲನೆ ಕೋರಿ. ಮುಂದಿನ ಎರಡು ವಾರ ಪ್ರತಿದಿನ ಲಾಗ್‌ನಲ್ಲಿ ‘ಲೋಗೋ-2’ ಎಂದು ಹುಡುಕುತ್ತಿರಿ. ಅವರು ಮತ್ತೆ ಬಂದು ಬಾಗಿಲು ತಟ್ಟುತ್ತಾರೆ, ಆಗ 404 (ಕಡತ ಇಲ್ಲ) ಎಂಬ ಉತ್ತರ ಹೋಗುತ್ತಿರಬೇಕು. 200 ಎಂದು ಕಂಡರೆ ತಾಣವನ್ನು ಮುಚ್ಚಿ ಇಲ್ಲಿಯೇ ಬರೆಯಿರಿ, ನೋಡುತ್ತೇನೆ.