ಹಳೆಯ ಸ್ಯಾಂಟ್ರೊ: ಮಳೆಗಾಲಕ್ಕೆ ಮುನ್ನ ಯಾವ ಕೆಲಸ ಮೊದಲು?

ಪ್ರಶ್ನೆ (ಮೂಡಿಗೆರೆ):
2009ರ ಸ್ಯಾಂಟ್ರೊ ಕಾರು ಕೊಂಡಿದ್ದೇನೆ. 1,40,000 ಕಿ.ಮೀ. ಓಡಿದೆ, ಸರ್ವಿಸ್ ಪುಸ್ತಕವಿಲ್ಲ. ಅಮ್ಮನನ್ನು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಎಲ್ಲವನ್ನೂ ಒಂದೇ ಸಲ ಮಾಡಿಸುವಷ್ಟು ಹಣವಿಲ್ಲ. ಯಾವುದರಿಂದ ಆರಂಭಿಸಲಿ?

ಉತ್ತರ (ಹಾಸನ):
ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ಓಡಿಸುವ ಪಟ್ಟಿ. ದಾಖಲೆ ಇಲ್ಲವೆಂದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಅದು ಹರಿದರೆ ಪಿಸ್ಟನ್ ವಾಲ್ವ್‌ಗಳಿಗೆ ಬಡಿದು ಎಂಜಿನ್ನನ್ನೇ ಬಿಚ್ಚಬೇಕಾದೀತು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಕೂಡ ಆಗಲೇ ಹಾಕಿಸಿದರೆ ಎರಡನೇ ಸಲದ ಕೂಲಿ ಉಳಿಯುತ್ತದೆ.

ನಂತರ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಉದ್ದದ ಇಳಿಜಾರಿನಲ್ಲಿ ಬಿಸಿಯೇರಿ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಬಾನೆಟ್ಟಿನಡಿಯ ಬ್ರೇಕ್ ಆಯಿಲ್ ಡಬ್ಬಿಯೊಳಗೆ ನೋಡಿ: ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿದ್ದರೆ ಬದಲಿಸಲೇಬೇಕು. ಘಾಟಿಯಲ್ಲಿ ಎರಡನೇ ಗೇರಿನಲ್ಲೇ ಇಳಿಯಿರಿ, ದಯವಿಟ್ಟು ನ್ಯೂಟ್ರಲ್ ಬೇಡ. ಸೀಟ್ ಕವರ್, ಸ್ಪೀಕರ್ ಮುಂದಿನ ವರ್ಷ ನೋಡಿಕೊಳ್ಳಿ.

ಉತ್ತರ (ಸಕಲೇಶಪುರ):
ಟೈರಿನ ಬದಿಯ ನಾಲ್ಕಂಕಿಯನ್ನೂ ಓದಿ. 2314 ಎಂದಿದ್ದರೆ 2014ರ 23ನೇ ವಾರದ್ದು. ಟೈರಿನ ಬಟನ್‌ಗಳು ಸವೆಯದಿದ್ದರೂ ಅಷ್ಟು ಹಳೆಯ ರಬ್ಬರ್ ಗಡುಸಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗಿರುತ್ತದೆ. ತೋಟದಲ್ಲಿ ನಿಲ್ಲಿಸುವವರು ವೈಪರ್ ಕೆಳಗಿನ ಜಾಲರಿಯಿಂದ ಸಿಲ್ವರ್ ಓಕ್ ಮರದ ಎಲೆಗಳನ್ನು ತೆಗೆಯುತ್ತಿರಬೇಕು. ಕಟ್ಟಿಕೊಂಡರೆ ನೀರು ಕಾರಿನೊಳಗೆ ಇಳಿಯುತ್ತದೆ.

ಪ್ರಶ್ನಿಸಿದವರು:
ಡಬ್ಬಿ ತೆರೆದು ನೋಡಿದೆ, ಕಪ್ಪಾಗಿದೆ. ಬೆಲ್ಟ್, ಬ್ರೇಕ್ ಎರಡನ್ನೂ ಈ ವಾರವೇ ಮಾಡಿಸುತ್ತೇನೆ.