ಎಂಬಿಸಿಂಕ್ ನೋಟಿಸ್ ಕಾಟ: ಪೂರ್ತಿ ಬಾಯಿ ಮುಚ್ಚಿಸಬೇಕಾ?

ಮಲೆನಾಡಿಗ:
ಸರ್ವರ್‌ನಿಂದ ಲ್ಯಾಪ್‌ಟಾಪ್‌ಗೆ ಮೇಲ್ ಇಳಿಸೋಕೆ ಎಂಬಿಸಿಂಕ್ ಬಳಸುತ್ತೇನೆ. ಮೊದಲು ಒಂದು ಸ್ಕ್ರಿಪ್ಟ್ ಮೇಲ್‌ಗಳನ್ನು ಫೋಲ್ಡರ್‌ಗಳಿಗೆ ಹಂಚುತ್ತದೆ, ಅದರ ಬೆನ್ನಿಗೇ ಎಂಬಿಸಿಂಕ್ ಓಡುತ್ತದೆ. ಹೇಳಿದ ಹೊತ್ತಿಗೆ ಕೆಲಸ ತಾನೇ ಓಡಿಸೋ ಕ್ರಾನ್‌ನಲ್ಲಿ 5 ನಿಮಿಷಕ್ಕೊಮ್ಮೆ. ಮೇಲ್ ಹಂಚಿದಾಗಲೆಲ್ಲ ಒಂದೇ ಸಾಲು: "ಮೇಲ್‌ಡಿರ್ ನೋಟಿಸ್: ಸ್ಲೀಪಿಂಗ್ ಡ್ಯೂ ಟು ರೀಸೆಂಟ್ ಡೈರೆಕ್ಟರಿ ಮಾಡಿಫಿಕೇಶನ್". ಒಂದು ಸಾಲು ಪ್ರಿಂಟ್ ಆದರೂ ಕ್ರಾನ್ ಮೇಲ್ ಕಳಿಸುತ್ತಲ್ಲ, ಸಂಜೆ ಹೊತ್ತಿಗೆ ಸಾಕಾಗಿ ಹೋಗುತ್ತೆ. ಏನು ಮಾಡಲಿ?

ಬಯಲುಸೀಮೆ:
ತಲೆ ಕೆಡಿಸಿಕೊಳ್ಳಬೇಡಿ ಸರ್. ಔಟ್‌ಪುಟ್ ಪೂರ್ತಿ ಡೆವ್‌ನಲ್‌ಗೆ ತಳ್ಳಿ, ಅಲ್ಲಿಗೆ ಹೋದದ್ದೆಲ್ಲ ಮಾಯ. ನಾನು ಹಾಗೇ ಮಾಡಿದ್ದೇನೆ.

ತುಂಗಾತೀರ:
ದಯವಿಟ್ಟು ಬೇಡ. ನಾನೂ ಹಾಗೇ ತಳ್ಳಿದ್ದೆ. ಒಂದು ದಿನ "ಮೇಲ್‌ಡಿರ್ ಎರರ್: ಡೂಪ್ಲಿಕೇಟ್ ಯುಐಡಿ" (ಎರಡು ಮೇಲ್‌ಗೆ ಒಂದೇ ನಂಬರ್) ಬಂದು, ಮನೆಯವರ ಮೇಲ್ ಇರೋ ಫೋಲ್ಡರ್ ಸಿಂಕ್ ಆಗೋದೇ ನಿಂತಿತ್ತು. ಉಳಿದ ಫೋಲ್ಡರ್‌ಗಳು ಸರಿಯಾಗಿದ್ದವು, ಹಾಗಾಗಿ ಅನುಮಾನವೇ ಬರಲಿಲ್ಲ. 9 ದಿನ! ತಂಗಿ ಅಮ್ಮನ ಸ್ಕ್ಯಾನ್ ರಿಪೋರ್ಟ್ ಕಳಿಸಿದ್ದಳು. ನೋಡಿದ್ಯಾ ಅಂತ ಫೋನ್ ಮಾಡಿದಾಗಲೇ ಗೊತ್ತಾಗಿದ್ದು.

ಹಳೇಬೇರು:
ಮಲೆನಾಡಿಗರೇ, ನಿಮ್ಮ ಸಾಲಿನಿಂದ ಏನೂ ತೊಂದರೆಯಿಲ್ಲ. ಫೋಲ್ಡರ್ ಈಗಷ್ಟೇ ಬದಲಾಗಿದೆ, ಅದೇ ಕ್ಷಣದಲ್ಲಿ ಇನ್ನೊಂದು ಫೈಲ್ ಬಂದರೆ ತಪ್ಪಿಹೋಗಬಾರದು ಅಂತ ಎಂಬಿಸಿಂಕ್ ಸ್ವಲ್ಪ ಕಾಯುತ್ತೆ, ಅಷ್ಟೇ. ಎಂಬಿಸಿಂಕ್ ಕಮಾಂಡ್‌ಗೆ ಒಂದು ಮೈನಸ್ ಕ್ಯೂ ಕೊಡಿ, ನೋಟಿಸ್ ನಿಲ್ಲುತ್ತೆ. ಎರಡು ಕ್ಯೂ ಕೊಟ್ಟರೆ ವಾರ್ನಿಂಗ್ ಕೂಡ ನಿಲ್ಲುತ್ತೆ. ಎರರ್ ಮಾತ್ರ ಆಗಲೂ ಬರುತ್ತೆ.

ಬಯಲುಸೀಮೆ:
ಹಾಗಾದರೆ ಎರಡು ಕ್ಯೂ ಕೊಟ್ಟರಾಯ್ತು. ಎರರ್ ಹೇಗೂ ಬರುತ್ತಲ್ಲ?

ತುಂಗಾತೀರ:
ಕಾಡ್ತಿರೋದು ನೋಟಿಸ್ ಒಂದೇ ಅಲ್ವಾ? ವಾರ್ನಿಂಗ್ ಅಪರೂಪಕ್ಕೆ ಬರುತ್ತೆ, ಬಂದಾಗ ಓದೋಣ. ಸುಮ್ನೆ ಅದನ್ನೂ ಯಾಕೆ ಮುಚ್ಚಬೇಕು?

ಹಳೇಬೇರು:
ನಾನೂ ಅದನ್ನೇ ಹೇಳೋದು. ಇನ್ನೊಂದು ಮಾತು, ಮಲೆನಾಡಿಗರೇ, ಸ್ಕ್ರಿಪ್ಟನ್ನೂ ಒಮ್ಮೆ ನೋಡಿ. ಎಂಬಿಸಿಂಕ್ ಪ್ರತಿ ಮೇಲ್‌ನ ಫೈಲ್ ಹೆಸರಲ್ಲೂ ",ಯು=57" ಅನ್ನೋ ಥರ ಒಂದು ನಂಬರ್ ಇಡುತ್ತೆ. ಅದು ಆ ಫೋಲ್ಡರ್‌ಗೆ ಮಾತ್ರ ಸೇರಿದ್ದು. ಹೆಸರು ಬದಲಿಸದೆ ಫೈಲನ್ನು ಬೇರೆ ಕಡೆ ಸರಿಸಿ, ಅಲ್ಲಿ ಇನ್ನೊಂದು 57 ಇದ್ದರೆ, ತುಂಗಾತೀರ ಅವರಿಗೆ ಬಂದ ಎರರ್ ನಿಮಗೂ ಬರುತ್ತೆ. ಸರಿಸುವಾಗ ಕಾಮಾ ಸಮೇತ ಆ ತುಂಡು ಕಿತ್ತುಹಾಕಿ. ಕೊನೆಯಲ್ಲಿರೋ ":2,ಎಸ್" ಮಾತ್ರ ಮುಟ್ಟಬೇಡಿ, ಓದಿದ ಮೇಲ್ ಅನ್ನೋ ಗುರುತು ಅದು.

ಮಲೆನಾಡಿಗ:
ಒಂದು ಕ್ಯೂ ಕೊಟ್ಟೆ. ಮಧ್ಯಾಹ್ನದಿಂದ ಒಂದೂ ಕ್ರಾನ್ ಮೇಲ್ ಇಲ್ಲ, ತುಂಬಾ ಥ್ಯಾಂಕ್ಸ್. ಸ್ಕ್ರಿಪ್ಟ್‌ನ ಹಳೇ ರೂಲ್‌ಗಳಲ್ಲಿ ನಂಬರ್ ಕೀಳುವ ಸಾಲು ಇದೆ. ಬೇರೆಯವರದ್ದು ನೋಡಿ ಬರೆದಿದ್ದು, ಯಾಕಿದೆ ಅಂತ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಸೇರಿಸಿದ ಬ್ಯಾಂಕ್ ರೂಲ್‌ನಲ್ಲಿ ಬರೀ ಎಂವಿ (ಫೈಲ್ ಸರಿಸೋ ಕಮಾಂಡ್) ಹಾಕಿದ್ದೇನೆ. ಸ್ಟೇಟ್‌ಮೆಂಟ್ ನಾಳೆ ಬರುತ್ತೆ. ಈಗಲೇ ತಿದ್ದುತ್ತೇನೆ.