‘ಟ್ರೈ ಟು’ ಸರಿಯೋ, ‘ಟ್ರೈ ಆ್ಯಂಡ್’ ಸರಿಯೋ? ಅನುಭವ ಇದ್ದವರು ಹೇಳಿ

ಕೇಳಿದವರು: ದಾವಣಗೆರೆಯವಳು, ಈಗ ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು. ನಮ್ಮ ಟೀಮ್‌ನಲ್ಲಿ ಅರ್ಧ ಜನ ಇಂಗ್ಲೆಂಡಿನವರು, ಇನ್ನರ್ಧ ಅಮೆರಿಕದವರು. ಮೇಲ್ ಓದೋದು ಬರೆಯೋದು ನಡೆಯುತ್ತೆ. ಕಾಲ್‌ನಲ್ಲಿ ಅವರು ಎರಡೆರಡು ಕ್ರಿಯಾಪದ ಜೋಡಿಸಿ ಮಾತಾಡೋದು ಮಾತ್ರ ತಲೆಗೆ ಹೋಗೋದಿಲ್ಲ. ‘ಐ ವಿಲ್ ಟ್ರೈ ಆ್ಯಂಡ್ ಫಿನಿಶ್ ಇಟ್ ಟುಡೇ’ ಅಂದರೆ ಇವತ್ತು ಮುಗಿಸ್ತಾರೋ ಇಲ್ಲವೋ? ‘ಟ್ರೈ’ ಆದಮೇಲೆ ‘ಟು’ ಬರಬೇಕು ಅಂತ ಅಲ್ವಾ ಶಾಲೆಯಲ್ಲಿ ಹೇಳಿಕೊಟ್ಟಿದ್ದು? ‘ಹಿ ವೆಂಟ್ ಆ್ಯಂಡ್ ಡಿಲೀಟೆಡ್ ದ ಫೋಲ್ಡರ್’ ಅಂದಾಗ ಅವನು ಹೋಗಿದ್ದಾದರೂ ಎಲ್ಲಿಗೆ? ಅಮೆರಿಕದವರಂತೂ ‘ಆ್ಯಂಡ್’ ಕೂಡ ನುಂಗಿ ‘ಗೋ ಚೆಕ್’ ಅಂತಾರೆ. ಇದರಲ್ಲಿ ನಾನು ಬಳಸಬೇಕಾದ್ದು ಯಾವುದು, ಕೇಳಿ ಅರ್ಥ ಮಾಡ್ಕೊಂಡರೆ ಸಾಕು ಅನ್ನೋದು ಯಾವುದು? ಪುಸ್ತಕದ ಹೆಸರು ಬೇಡ, ಅನುಭವ ಹೇಳಿ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ

ಎರಡೂ ಸರಿ ತಾಯಿ. ‘ಟ್ರೈ ಆ್ಯಂಡ್’ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, 17ನೇ ಶತಮಾನದ ಬರಹದಲ್ಲೇ ಸಿಗುತ್ತೆ. ಇಂಗ್ಲಿಷ್ ಬಳಕೆಯ ವಿಷಯದಲ್ಲಿ ಮಹಾ ಕಟ್ಟುನಿಟ್ಟು ಅಂತ ಹೆಸರಾದ ಎಚ್. ಡಬ್ಲ್ಯು. ಫೌಲರ್ ಕೂಡ 1926ರಲ್ಲಿ ತಂದ ತಮ್ಮ ಬಳಕೆಯ ಕೋಶದಲ್ಲಿ, ಸಹಜವಾಗಿ ಬಾಯಿಗೆ ಬಂದರೆ ಅದನ್ನು ತಡೆಯಬೇಕಿಲ್ಲ ಅಂದರು. ಅಮೆರಿಕಕ್ಕಿಂತ ಬ್ರಿಟನ್ನಿನ ಮಾತಿನಲ್ಲಿ ಇದರ ಓಡಾಟ ಜಾಸ್ತಿ.

ಮುಗಿಸ್ತಾರೋ ಇಲ್ಲವೋ ಅಂದೆಯಲ್ಲ, ಅದರಲ್ಲಿ ಮಾತು ಕೊಟ್ಟಿದ್ದೇನೂ ಇಲ್ಲ. ‘ಮುಗಿಸೋಕೆ ನೋಡ್ತೀನಿ’ ಅಂತ ನಾವು ಅನ್ನೋದಿಲ್ಲವೇ, ಅಷ್ಟೇ ತೂಕ.

ಒಂದು ಕಟ್ಟುಪಾಡು ಮಾತ್ರ ಇದೆ. ‘ಟ್ರೈ’ ಏನೂ ಅಂಟಿಸಿಕೊಳ್ಳದೆ ಬೋಳಾಗಿದ್ದರೆ ಮಾತ್ರ ಈ ಜೋಡಿ ನಡೆಯುತ್ತೆ. ‘ವಿಲ್ ಟ್ರೈ ಆ್ಯಂಡ್ ಕಮ್’, ‘ಟ್ರೈ ಆ್ಯಂಡ್ ಸ್ಟಾಪ್ ಮಿ’, ‘ಡೋಂಟ್ ಟ್ರೈ ಆ್ಯಂಡ್ ಫೂಲ್ ಮಿ’ ಎಲ್ಲ ಸರಾಗ. ‘ಹಿ ಟ್ರೈಸ್ ಆ್ಯಂಡ್ ಕಮ್ಸ್’ ಅಂತ ಯಾರ ಬಾಯಲ್ಲೂ ಬರೋದಿಲ್ಲ. ‘ಟ್ರೈಡ್ ಆ್ಯಂಡ್ ಫಿನಿಶ್ಡ್’ ಅಂದರೆ ಅರ್ಥವೇ ಬೇರೆ, ಪ್ರಯತ್ನಪಟ್ಟ, ಮುಗಿಸಿಯೂ ಬಿಟ್ಟ. ಅನುಮಾನ ಬಂದರೆ ‘ಟು’ ಹಾಕಿಬಿಡು, ಅದು ಎಲ್ಲ ಕಡೆಗೂ ಹೊಂದುತ್ತೆ.

ಉಡುಪಿಯ ನರ್ಸ್, ಇಂಗ್ಲೆಂಡಿನ ಲೀಡ್ಸ್‌ನಿಂದ

‘ವೆಂಟ್ ಆ್ಯಂಡ್’ ಬಗ್ಗೆ ನಾನು ಹೇಳ್ತೇನೆ. ವಾರ್ಡಿನಲ್ಲಿ ದಿನಾ ಕೇಳುವ ಮಾತು ಅದು. ‘ಐ ವೆಂಟ್ ಆ್ಯಂಡ್ ಬ್ರೋಕ್ ಮೈ ರಿಸ್ಟ್’ ಅಂತ ಅಜ್ಜಿಯೊಬ್ಬರು ಹೇಳಿದರೆ ಅವರು ಎಲ್ಲಿಗೋ ಹೋಗಿ ಕೈ ಮುರ್ಕೊಂಡದ್ದಲ್ಲ, ಅಡುಗೆಮನೆಯಲ್ಲೇ ಜಾರಿದ್ದು. ‘ನೋಡಿ ನನ್ನ ಬುದ್ಧಿ’ ಅನ್ನುವ ಬೇಜಾರು ಆ ‘ವೆಂಟ್’ನಲ್ಲಿ ಇರೋದು. ನಮ್ಮಲ್ಲಿ ‘ಹೋಗಿ ಹೋಗಿ ಅವನಿಗೇ ಸಾಲ ಕೊಟ್ಟೆಯಲ್ಲ ಮಾರಾಯ’ ಅಂತ ಬೈಯುವುದಿಲ್ವಾ? ಅಲ್ಲಿ ಕಾಲು ನಡೆದು ಹೋದದ್ದು ಎಲ್ಲಿಗೆ? ಹಾಗೆಯೇ ಇದು. ನಿಮ್ಮ ಫೋಲ್ಡರ್ ಪ್ರಕರಣದಲ್ಲಿ ‘ಹೋಗಿ ಹೋಗಿ ಅದನ್ನೇ ಅಳಿಸಿಬಿಟ್ಟ’ ಅಂತ ಅರ್ಥ. ಹೇಳಿದವರಿಗೆ ಸಿಟ್ಟು ಬಂದಿದೆ, ಅದನ್ನು ಮೊದಲು ಗಮನಿಸಿ.

ಎಲ್ಲ ‘ಗೋ ಆ್ಯಂಡ್’ ಹೀಗಲ್ಲ. ‘ಗೋ ಆ್ಯಂಡ್ ಫೆಚ್ ದ ಚಾರ್ಟ್’ ಅಂದರೆ ನಿಜವಾಗಿಯೂ ಹೋಗಿ ತರಬೇಕು. ಧ್ವನಿಯಿಂದ ಗೊತ್ತಾಗುತ್ತದೆ. ‘ಡೋಂಟ್ ಗೋ ಆ್ಯಂಡ್ ಟೆಲ್ ಹರ್’ ಅಂತ ರಾಗ ಎಳೆದರೆ ‘ಎಲ್ಲಾದರೂ ಅವಳ ಹತ್ತಿರ ಬಾಯಿಬಿಟ್ಟೀಯೆ’ ಅನ್ನುವ ಎಚ್ಚರಿಕೆ.

ನಮ್ಮಲ್ಲಿ ಸ್ಕಾಟ್ಲೆಂಡಿನ ಸಹೋದ್ಯೋಗಿಯೊಬ್ಬರಿದ್ದಾರೆ. ‘ಮೈಂಡ್ ಆ್ಯಂಡ್ ಶಟ್ ದ ಡೋರ್’ ಅಂತಾರೆ, ಅಂದರೆ ಮರೆಯದೆ ಬಾಗಿಲು ಹಾಕು. ಅದನ್ನೆಲ್ಲ ನೀವು ಬಳಸುವ ಅಗತ್ಯ ಇಲ್ಲ. ಕೇಳಿ ಖುಷಿಪಡಿ.

ಸಾಫ್ಟ್‌ವೇರ್ ಕೆಲಸ, ನ್ಯೂಜೆರ್ಸಿ

ಅಮೆರಿಕದ ಕಡೆಯದ್ದು ನನ್ನ ಪಾಲಿಗೆ. ‘ಗೋ ಚೆಕ್’, ‘ಕಮ್ ಸೀ’, ‘ಲೆಟ್ಸ್ ಗೋ ಈಟ್’ ಇಲ್ಲಿ ನೀರು ಕುಡಿದಷ್ಟು ಸಲೀಸು. ಮೇಷ್ಟ್ರು ಹೇಳಿದ ಕಟ್ಟುಪಾಡೇ ಇಲ್ಲಿಯೂ ಇದೆ, ಇನ್ನೂ ಬಿಗಿ. ‘ಐ ಗೋ ಚೆಕ್ ಎವ್ರಿ ಡೇ’ ಆಗುತ್ತೆ, ‘ಶಿ ಗೋಸ್ ಚೆಕ್ಸ್’ ಆಗಲ್ಲ. ‘ವೆಂಟ್ ಚೆಕ್ಡ್’ ಅಂತೂ ಇಲ್ಲವೇ ಇಲ್ಲ, ಅಲ್ಲಿ ‘ಆ್ಯಂಡ್’ ವಾಪಸ್ ಬರಲೇಬೇಕು. ‘ಡಿಡ್ ಯು ಗೋ ಚೆಕ್?’ ನಡೆಯುತ್ತೆ, ಯಾಕಂದ್ರೆ ಭೂತಕಾಲದ ಭಾರ ‘ಡಿಡ್’ ಹೊತ್ತುಕೊಂಡಿದೆ.

ನಿಮ್ಮ ಕಾಲ್‌ಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕೇಳುವಂಥದ್ದು ಇನ್ನೊಂದಿದೆ: ‘ಗೋ ಅಹೆಡ್ ಆ್ಯಂಡ್’. ‘ಐಯಾಮ್ ಗೋಯಿಂಗ್ ಟು ಗೋ ಅಹೆಡ್ ಆ್ಯಂಡ್ ಶೇರ್ ಮೈ ಸ್ಕ್ರೀನ್’ ಅಂತಾರೆ. ಇಷ್ಟುದ್ದದ ಪೀಠಿಕೆ ಆದಮೇಲೆ ಆಗೋದು ಸ್ಕ್ರೀನ್ ಶೇರ್ ಒಂದೇ. ಅದೇ ಮಾತು ನಿಮ್ಮ ಕಡೆ ತಿರುಗಿ ‘ಗೋ ಅಹೆಡ್ ಆ್ಯಂಡ್ ಮ್ಯೂಟ್ ಯುವರ್‌ಸೆಲ್ಫ್’ ಅಂತ ಬಂದರೆ ಅನುಮತಿ ಕೊಟ್ಟಂತೆ ಕೇಳುತ್ತೆ. ಆದರೆ ಅದು ಬೆಣ್ಣೆ ಹಚ್ಚಿದ ಸೂಚನೆ, ಪಾಲಿಸಬೇಕು. ಯಾರೋ ‘ಅಪ್ ಆ್ಯಂಡ್ ಕ್ವಿಟ್’ ಅಂದರು ಅನ್ನಿ, ‘ಹೇಳದೆ ಕೇಳದೆ ಕೆಲಸ ಬಿಟ್ಟ’ ಅಂತ.

ಧಾರವಾಡದಾಂವ

ನಮ್ಮದೂ ಒಂದು ಐತಿ ನೋಡ್ರಿ. ‘ಐ ವಿಲ್ ಗೋ ಆ್ಯಂಡ್ ಕಮ್.’ ‘ಹೋಗ್ತೀನಿ’ ಅಂತ ಅನ್ನಬಾರದು, ‘ಹೋಗಿ ಬರ್ತೀನ್ರಿ’ ಅನ್ನಬೇಕು ಅಂತ ಮನ್ಯಾಗ ಕಲಿಸ್ಯಾರ. ಅದನ್ನ ಇಂಗ್ಲಿಷಿನ್ಯಾಗ ಹಂಗ ಅಂದ್ರ ಚೆನ್ನೈ, ಹೈದರಾಬಾದ್ ಮಂದಿಗೆ ಪಕ್ಕಾ ತಿಳೀತದ. ಲಂಡನ್ನಿನವರು ಸ್ವಲ್ಪ ಹೊತ್ತು ಮಿಕಿಮಿಕಿ ನೋಡ್ತಾರ. ಅವರಿಗೆ ‘ಐ ವಿಲ್ ಬಿ ಬ್ಯಾಕ್’ ಸಾಕು.

‘ವೇಟ್ ಆ್ಯಂಡ್ ವಾಚ್’ ಅಂತ ನಾವು ಅಂತೀವಿ, ಅವರು ‘ವೇಟ್ ಆ್ಯಂಡ್ ಸೀ’ ಅಂತಾರ. 1910ರಾಗ ಬ್ರಿಟನ್ ಪ್ರಧಾನಿ ಆಸ್ಕ್ವಿತ್ ಪಾರ್ಲಿಮೆಂಟಿನ್ಯಾಗ ಪ್ರಶ್ನೆ ಕೇಳಿದವರಿಗೆ ಇದನ್ನ ಹೇಳಿ ಹೇಳಿ, ಅದು ಅವರ ಹೆಸರಿಗೇ ಅಂಟಿಕೊಂತು.

ದಾವಣಗೆರೆಯವಳು

‘ಹೋಗಿ ಹೋಗಿ’ ಉದಾಹರಣೆಗೆ ನಕ್ಕೆ ಅಕ್ಕ, ಇನ್ನು ಮರೆಯಲ್ಲ. ಇನ್ನೊಂದು ಕೇಳಲೇ? ‘ಡೋಂಟ್’ ಜೊತೆ ಎರಡು ಕ್ರಿಯಾಪದ ಬಂದರೆ ‘ಆ್ಯಂಡ್’ ಹಾಕಬೇಕೋ ‘ಆರ್’ ಹಾಕಬೇಕೋ? ಗ್ರಾಹಕರಿಗೆ ಸೂಚನೆ ಬರೆಯುವ ಕೆಲಸವೂ ನನ್ನ ತಲೆಗೇ ಬಂದಿದೆ.

ಕೈಪಿಡಿ ಬರೆಯುವವನು, ಪೀಣ್ಯ

ಇದು ನನ್ನ ಅನ್ನದ ಪ್ರಶ್ನೆ, ಸ್ವಲ್ಪ ಉದ್ದ ಹೇಳ್ತೀನಿ.

ರಸ್ತೆ ಬದಿಯ ‘ಡೋಂಟ್ ಡ್ರಿಂಕ್ ಆ್ಯಂಡ್ ಡ್ರೈವ್’ ಫಲಕ ನೆನಪಿಸಿಕೊಳ್ಳಿ. ಕುಡಿಯಬೇಡಿ ಅಂತಲೂ ಇಲ್ಲ, ಗಾಡಿ ಓಡಿಸಬೇಡಿ ಅಂತಲೂ ಇಲ್ಲ. ಎರಡನ್ನೂ ಒಟ್ಟು ಮಾಡಬೇಡಿ ಅಂತಿದೆ. ಕನ್ನಡ ಫಲಕದಲ್ಲಿ ‘ಕುಡಿದು ವಾಹನ ಚಲಾಯಿಸಬೇಡಿ’ ಅಂತ ಬರೆದಾಗ ಆ ‘ಕುಡಿದು’ ಇಡೀ ಕೆಲಸ ಮುಗಿಸುತ್ತೆ. ಎರಡನ್ನೂ ಬೇರೆ ಬೇರೆಯಾಗಿ ನಿಷೇಧಿಸಬೇಕಾದರೆ ಇಂಗ್ಲಿಷಿಗೆ ‘ಆರ್’ ಬೇಕು: ‘ಡು ನಾಟ್ ಈಟ್ ಆರ್ ಡ್ರಿಂಕ್ ಹಿಯರ್’. ಇಲ್ಲಿ ತಿನ್ನೋದೂ ಬೇಡ, ಕುಡಿಯೋದೂ ಬೇಡ. ನಾವು ಕನ್ನಡದ ‘ಊ’ವನ್ನು ನೋಡಿ ‘ಆ್ಯಂಡ್’ ಹಾಕಿಬಿಡ್ತೀವಿ. ‘ಡು ನಾಟ್ ಓಪನ್ ಆ್ಯಂಡ್ ರಿಪೇರ್ ದ ಯೂನಿಟ್’ ಅಂತ ಬರೆದರೆ, ಬರೀ ಬಿಚ್ಚಿ ನೋಡಿದೆ, ರಿಪೇರಿ ಮಾಡಲಿಲ್ಲ ಅಂತ ವಾದಿಸುವ ಗ್ರಾಹಕ ಸಿಕ್ಕೇ ಸಿಗ್ತಾನೆ.

ಇನ್ನೊಂದು ವೇಷವೂ ಇದೆ. ಸಿನಿಮಾ ಖಳನ ‘ಮೂವ್ ಆ್ಯಂಡ್ ಐ ವಿಲ್ ಶೂಟ್’. ‘ಅಲ್ಲಾಡು’ ಅಂತ ಅಪ್ಪಣೆ ಕೊಟ್ಟ ಹಾಗೆ ಕಾಣುತ್ತೆ, ಆದರೆ ಅರ್ಥ ‘ಅಲ್ಲಾಡಿದರೆ ಗುಂಡು ಹಾರಿಸ್ತೀನಿ’. ನಿಮ್ಮ ಮ್ಯಾನೇಜರ್ ‘ಮಿಸ್ ದಿಸ್ ಡೇಟ್ ಆ್ಯಂಡ್ ವಿ ಲೂಸ್ ದ ಕ್ಲೈಂಟ್’ ಅಂದರೂ ಅದೇ ಜಾತಿ. ಕೈಪಿಡಿಯಲ್ಲಿ ನಾನು ಇದನ್ನು ಮುಟ್ಟೋದಿಲ್ಲ, ನೇರವಾಗಿ ‘ಇಫ್’ ಹಾಕ್ತೀನಿ.

ಸ್ಪೋಕನ್ ಇಂಗ್ಲಿಷ್ ಕಲಿಸುವವಳು, ಮೈಸೂರು

ಎಲ್ಲರೂ ಅವರ ಮಾತು ಅರ್ಥ ಮಾಡಿಕೊಳ್ಳೋದರ ಬಗ್ಗೆಯೇ ಹೇಳಿದ್ರಿ. ನನ್ನ ಹತ್ತಿರ ಬರುವವರು ಎಡವೋದು ತಾವು ಮಾತಾಡುವಾಗ. ‘ಹಿ ಕೇಮ್ ಆ್ಯಂಡ್ ಟೆಲ್ ಮಿ.’ ‘ಶಿ ಕಮ್ಸ್ ಆ್ಯಂಡ್ ಸಿಟ್.’ ಇದು ದಡ್ಡತನ ಅಲ್ಲ, ಇದರ ಹಿಂದೆ ನಮ್ಮ ಕನ್ನಡ ಇದೆ. ‘ಬಂದು ಹೇಳಿದ, ಬಂದು ಹೇಳ್ತಾನೆ, ಬಂದು ಹೇಳು’ ಇದರಲ್ಲಿ ‘ಬಂದು’ ಕದಲಲ್ಲ, ಕಾಲ ತೋರಿಸೋದು ಕೊನೆಯ ಪದ ಒಂದೇ. ಒಂದೇ ಕಡೆ ಕಾಲ ಸಾಕು ಅಂತ ಕಿವಿ ಒಗ್ಗಿಹೋಗಿದೆ. ಇಂಗ್ಲಿಷಿನಲ್ಲಿ ‘ಆ್ಯಂಡ್’ನ ಎರಡು ಬದಿಯೂ ಒಂದೇ ಬಣ್ಣದ ಬಟ್ಟೆ ತೊಡಬೇಕು: ‘ಕೇಮ್ ಆ್ಯಂಡ್ ಟೋಲ್ಡ್’, ‘ಕಮ್ಸ್ ಆ್ಯಂಡ್ ಸಿಟ್ಸ್’. ‘ಡಿಡ್’, ‘ವಿಲ್’ ಬಂದಾಗ ಎರಡೂ ಬೋಳು: ‘ಡಿಡ್ ಹಿ ಕಮ್ ಆ್ಯಂಡ್ ಟೆಲ್ ಯು?’

ಅಭ್ಯಾಸಕ್ಕೆ ನಾನು ಮಾಡಿಸೋದು ಇಷ್ಟೇ. ಬೆಳಗ್ಗೆ ಎದ್ದಾಗಿನಿಂದ ಬಸ್ ಹತ್ತುವವರೆಗೆ ಮಾಡಿದ್ದನ್ನೆಲ್ಲ ಭೂತಕಾಲದಲ್ಲಿ ಜೋರಾಗಿ ಹೇಳಿ, ಆಮೇಲೆ ಅದನ್ನೇ ‘ಎವ್ರಿ ಡೇ ಮೈ ಸಿಸ್ಟರ್’ ಅಂತ ಶುರುಮಾಡಿ ಹೇಳಿ. ‘ಹ್ಯಾವಿಂಗ್ ಗಾಟ್ ಅಪ್, ಹ್ಯಾವಿಂಗ್ ಬ್ರಶ್ಡ್’ ಅಂತ ಪೋಣಿಸೋಕೆ ಹೋಗಬೇಡಿ, ಕೇಳುವವರಿಗೆ ಕೋರ್ಟಿನ ಅಫಿಡವಿಟ್ ಓದಿಸಿದ ಹಾಗಾಗುತ್ತೆ. ಮಧ್ಯೆ ಸಣ್ಣ ನಿಲುಗಡೆ, ಕೊನೆಯದರ ಮುಂದೆ ಒಂದು ‘ಆ್ಯಂಡ್’.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ

ಅಫಿಡವಿಟ್ ಮಾತು ಒಪ್ಪಿದೆ. ಆದರೆ ಒಂದೇ ಒಂದು ‘ಹ್ಯಾವಿಂಗ್’ ವಾಕ್ಯದ ಮೊದಲಿಗೆ ಬಂದರೆ ಬರಹದಲ್ಲಿ ಚೆನ್ನಾಗಿಯೇ ಇರುತ್ತೆ, ಅದನ್ನು ಪೂರಾ ಗಡೀಪಾರು ಮಾಡಬೇಡಿ ಮೇಡಂ. ಮತ್ತೆ, ಪ್ರಶ್ನೆ ಕೇಳಿದ ಮಗಳೇ, ಗ್ರಾಹಕರಿಗೆ ಬರೆಯುವ ಮೇಲ್‌ನಲ್ಲಿ, ಪರೀಕ್ಷೆಯ ಉತ್ತರದಲ್ಲಿ ‘ಟ್ರೈ ಟು’ ಇರಲಿ. ಕಾಲ್‌ನಲ್ಲಿ ‘ಟ್ರೈ ಆ್ಯಂಡ್’ ಬಂದರೆ ಬರಲಿ. ‘ಗೋ ಅಹೆಡ್ ಆ್ಯಂಡ್’ ನ್ಯೂಜೆರ್ಸಿಯವರಿಗೇ ಬಿಟ್ಟುಬಿಡು.